ನೀವು ತುಂಬಿದ ಇದ್ದಿಲು

ಮಾವ,

ಗಿಲೀಟು ಕಾರ್ಖಾನೆಯಲ್ಲಿ ನೀವು ಇಡಿಸಿದ ಇದ್ದಿಲಿನ ಪೀಪಾಯಿಯನ್ನು ಈಗ ದೇವರು ಮಾಡಿದ್ದಾರೆ. ನಿಮಗೆ ನಗು ಬರಬಹುದು. ನನಗೆ ಬರಲಿಲ್ಲ.

ಕೆಸರೆಯ ನಮ್ಮ ವಠಾರದ ಬಾವಿ ನೀರನ್ನು ನೀವು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದದ್ದು ಇನ್ನೂ ಕಣ್ಣ ಮುಂದಿದೆ. "ಈ ಹಳದಿ ಎಲ್ಲಿಂದ ಬಂತಕ್ಕ?" ಎಂದಿರಿ. ಅಮ್ಮ, "ಮಣ್ಣಿನ ಗುಣ ಕಣೋ, ಕುಡಿ" ಎಂದಳು. ನೀವು ಕುಡಿಯಲಿಲ್ಲ. ಸೈಕಲ್ ಹ್ಯಾಂಡಲ್ಲುಗಳಿಗೆ ಕ್ರೋಮಿಯಂ ಹೊಳಪು ಕೊಟ್ಟು ಉಳಿದ ನೀರನ್ನು ಕಾರ್ಖಾನೆಯವರು ನಮ್ಮ ಗೋಡೆಯ ಬುಡದಲ್ಲೇ ಚೆಲ್ಲುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನಿಮಗೆ ಹೆಚ್ಚು ಹುಡುಕಬೇಕಾಗಲಿಲ್ಲ.

ಆಮೇಲೆ ಹಿತ್ತಲಲ್ಲಿ ತೆಂಗಿನ ಚಿಪ್ಪುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸುಟ್ಟಿರಿ. ಒಂದು ಚೂರನ್ನು ನನ್ನ ಅಂಗೈಗಿಟ್ಟು, "ಸಾಹಿತ್ಯ ಓದಿದವಳೇ, ಇದು ನೋಡೋಕೆ ಗಟ್ಟಿ. ಒಳಗೆಲ್ಲ ತೂತು ಕಣೆ, ಕಣ್ಣಿಗೆ ಕಾಣದಂಥವು. ನೀರು ಹಾದುಹೋಗುವಾಗ ವಿಷ ಅಲ್ಲೇ ಅಂಟ್ಕೊಂಡ್ಬುಡ್ತದೆ" ಎಂದಿರಿ. ಜಾಗ ತುಂಬಿದರೆ ಎಂದು ಕೇಳಿದೆ. "ತೆಗೆದು ಹೊಸದು ಹಾಕೋದು. ಇಲ್ದಿದ್ರೆ ಪೀಪಾಯಿ ಇದ್ದೂ ಇಲ್ದಂಗೆ." ಕಾರ್ಖಾನೆಯ ನೀರು ಇದ್ದಿಲಿನ ಪೀಪಾಯಿ ಹಾದೇ ಹೊರಗೆ ಬರಲಿ ಎಂದು ಮಾಲೀಕ ನಂಜುಂಡಪ್ಪನವರನ್ನು ಒಪ್ಪಿಸಲು ನೀವು ಅಲೆದ ಅಲೆದಾಟ... ನೀವಿರುವವರೆಗೆ ಇದ್ದಿಲು ಬದಲಾಯಿಸುತ್ತಿದ್ದವರೂ ನೀವೇ. ನಿಧಾನವಾಗಿ ಬಾವಿ ತಿಳಿಯಾಯಿತು.

ನಿಮ್ಮ ಸಂತಾಪ ಸಭೆಯಲ್ಲಿ ನಂಜುಂಡಪ್ಪನವರು ಅತ್ತರು. ನಿಜವಾಗಿಯೇ ಅತ್ತರು, ಅದೇ ಕಷ್ಟ. ಈ ಸಲದ ಆಯುಧಪೂಜೆಗೆ ಪೀಪಾಯಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮೇಲೆ ನಿಮ್ಮ ಫೋಟೋ ಇಟ್ಟಿದ್ದರು. ಪ್ರಸಾದಕ್ಕೆ ಹೋದವಳು ಕೆಳಗಿನ ನಲ್ಲಿ ನೋಡಿದೆ. ನೀರು ಹಳದಿ. ಯಾಕೆ ಹೀಗೆ ಎಂದು ಕೇಳಿದೆ.

"ಅರಿಶಿನ ಇರಬೇಕು ಬುಡಮ್ಮ, ಪೂಜೆ ಅಲ್ವಾ" ಎಂದ ಒಬ್ಬ ಕೆಲಸದವನು. ಎಲ್ಲರೂ ನಕ್ಕರು.

"ಇದ್ದಿಲು ಬದಲಾಯಿಸಿಲ್ವಾ?"

"ಮೇಷ್ಟ್ರು ಕೈಯಾರೆ ತುಂಬಿದ್ದು ಕಣಮ್ಮ" ಎಂದರು ನಂಜುಂಡಪ್ಪ. "ಅವರ ನೆನಪು ಅಂತ ಹಂಗೇ ಮಡಗಿದೀನಿ. ಮುಚ್ಚಳಾನೂ ಮುಟ್ಟಿಸಿಲ್ಲ."

ಈಗ ಇಂಥ ಗೌರವ. ನೀವು ಬದುಕಿದ್ದಾಗ ಅವರು ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಅವನ ಕೈ ತಾಗಿದ್ದು ಅದೊಂದೇ ಉಳಿದಿರೋದು. ನೀನು ಕೆದಕಬೇಡ" ಎಂದಳು. ಹೇಳುತ್ತಲೇ ಅದೇ ಬಾವಿಯ ನೀರನ್ನು ಮಗುವಿಗೆ, ನಮ್ಮಕ್ಕನ ಮಗುವಿಗೆ, ಕುಡಿಸುತ್ತಿದ್ದಳು.

ಮರುದಿನ ನಾನೇ ಹೋಗಿ ಹಾರ ಕಿತ್ತೆ, ನಿಮ್ಮನ್ನು ಗೋಡೆಗೆ ಒರಗಿಸಿಟ್ಟೆ, ಮುಚ್ಚಳ ತೆಗೆದೆ. ಯಾರೂ ತಡೆಯಲಿಲ್ಲ, ಯಾರೂ ಕೈ ಹಾಕಲೂ ಇಲ್ಲ. "ಸ್ವಂತ ಮಾವನ ಮೇಲೂ ಮರ್ಯಾದೆ ಇಲ್ವಲ್ಲ" ಎಂದು ನಂಜುಂಡಪ್ಪನವರು ಹೇಳಿದ್ದು ವಠಾರಕ್ಕೆಲ್ಲ ಮುಟ್ಟಿದೆ. ಅಮ್ಮ ಮಾತು ಬಿಟ್ಟಿದ್ದಾಳೆ. ಆದರೂ ಹೊಸ ಇದ್ದಿಲು ಸುಟ್ಟು ತುಂಬಿಸಿದೆ. ಇನ್ನು ಮುಂದೆಯೂ ತುಂಬಿಸುತ್ತೇನೆ, ಬೈಸಿಕೊಳ್ಳುವುದು ಅಭ್ಯಾಸವಾಗುತ್ತದೆ.

ವಿಷ ಹೀರಿದ ಹಳೆಯ ಇದ್ದಿಲು ಗೋಣಿಚೀಲದಲ್ಲಿ ನನ್ನ ಮಂಚದ ಕೆಳಗಿದೆ. ಪಕ್ಕದ ಮನೆಯ ಪುಟ್ಟಮ್ಮ ಹಂಡೆ ಒಲೆಗೆ ಬೇಕೆಂದು ಎರಡು ಸಲ ಕೇಳಿದರು. ಕೊಡಲಿಲ್ಲ, ಜಿಪುಣಿ ಅನ್ನಿಸಿಕೊಂಡೆ. ನೀವು ಇದನ್ನು ಎಲ್ಲಿಗೆ ಒಯ್ಯುತ್ತಿದ್ದಿರಿ ಮಾವ? ನಾನು ಯಾಕೆ ಕೇಳಲಿಲ್ಲ, ನೀವು ಯಾಕೆ ಹೇಳಲಿಲ್ಲ? ದಿನಾ ಸಂಜೆ ಇದನ್ನು ಹೂಳಲು ಜಾಗ ಹುಡುಕಿಕೊಂಡು ನಡೆಯುತ್ತೇನೆ. ಎಲ್ಲಿ ನಿಂತು ನೋಡಿದರೂ ಹತ್ತಿರದಲ್ಲೇ ಯಾರೋ ನೀರು ಸೇದುತ್ತಿರುತ್ತಾರೆ.

ನಿಮ್ಮ
ಕಮಲ