ಐದನೇ ಗೂಡಿನ ಪೂರ್ವ ಗೋಡೆ

ಉಪ್ಪುಶಕ ೨೧೨, ಗಾಳಿಮಾಸದ ಮೂವತ್ತಾರನೇ ದಿನ. ಹಳೆಯ ಲೆಕ್ಕದಲ್ಲಿ ಕ್ರಿ.ಶ. ೨೩೯೧.

ಅರವತ್ತು ವರ್ಷ ಕಳೆದ ಮೇಲೆ ಐದನೇ ಗೂಡಿನ ಬೀಗ ತೆಗೆಯುವವರಿಗೆ ಆಲಿಸುಗಿತ್ತಿ ಕಲ್ಲವ್ವ ಮಾಡುವ ವಂದನೆಗಳು. ನನ್ನ ಮಾತು ನಿಮಗೆ ಹಳಸಲು ಅನಿಸಿದರೆ ಕ್ಷಮಿಸಿ. ಮುತ್ತಜ್ಜಿಯ ಕಾಗದಗಳನ್ನು ಓದುವಾಗ ನನಗೂ ಹಾಗೇ ಆಗುತ್ತಿತ್ತು. ಅದಕ್ಕೇ ನಮ್ಮ ಪದಗಳನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಊರು ಮರಳುಗಾಡಿನಲ್ಲಿದೆ. ಊರಿನ ಕೆಳಗೆ ಸಾವಿರ ಗಜ ಆಳದಲ್ಲಿ ಕಲ್ಲುಪ್ಪಿನ ಪದರವಿದೆ. ಅದನ್ನು ನೀರಿನಿಂದ ಕರಗಿಸಿ ಮಾಡಿದ ಒಂಬತ್ತು ಪೊಳ್ಳುಗಳಿಗೆ ಗೂಡು ಎನ್ನುತ್ತೇವೆ. ಗಾಳಿ ಜೋರಾಗಿರುವಾಗ ಗಾಳಿಯಂತ್ರಗಳ ವಿದ್ಯುತ್ತಿನಿಂದ ಮಾಡಿದ ಜಲಜನಕವನ್ನು ಅಲ್ಲಿ ಒತ್ತಿ ತುಂಬಿ, ಚಳಿಗಾಲದಲ್ಲಿ ಒಲೆಗೂ ದೀಪಕ್ಕೂ ತೆಗೆಯುತ್ತೇವೆ. ಒಳಗೆ ಅನಿಲದ ಒತ್ತಡ ಇರುವವರೆಗೆ ಉಪ್ಪು ಗಟ್ಟಿ. ಅವಸರಪಟ್ಟು ಬರಿದು ಮಾಡಿದರೆ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಚಿಟ್ ಎಂದು ಬಿಡುತ್ತವೆ. ಮತ್ತೆ ತುಂಬಿ ವರ್ಷಗಟ್ಟಲೆ ಸುಮ್ಮನೆ ಬಿಟ್ಟರೆ ಅವು ಗಾಯ ಮಾಯುವ ಹಾಗೆ ತಾವೇ ಕೂಡಿಕೊಳ್ಳುತ್ತವೆ; ಇದಕ್ಕೆ ಮಾಯ್ಕೆ ಎಂದು ಹೆಸರು. ಮಾಯ್ಕೆಯ ಸದ್ದು ಮೆತ್ತಗೆ, ಬಿರುಕಿನದು ಒಣ ಸದ್ದು. ಗೋಡೆಯಲ್ಲಿ ಹುಗಿದ ಉಪ್ಪುಗಿವಿ ಎಂಬ ಯಂತ್ರಗಳು ಎರಡನ್ನೂ ಮೇಲಕ್ಕೆ ಕಳಿಸುತ್ತವೆ. ಯಾವುದು ಯಾವುದೆಂದು ಹೇಳುವುದು ಆಲಿಸುಗರ ಕೆಲಸ. ಕೂರುವವರು ಇಬ್ಬರು, ನಡುವೆ ಪರದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವಂತಿಲ್ಲ. ಇಬ್ಬರೂ ಬಿರುಕು ಎಂದರೆ ಮಾತ್ರ ಗೂಡಿಗೆ ವಿಶ್ರಾಂತಿ.

ಪರದೆಯ ಆಚೆ ಇದ್ದವಳು ಇಂದ್ರವ್ವ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಊರಿನ ಒಳ್ಳೆಯ ಕಿವಿಗೆಂದು ಕೊಡುವ ಉಪ್ಪು ಹರಳಿನ ಓಲೆ ಹನ್ನೊಂದು ವರ್ಷ ನನ್ನ ಕಿವಿಯಲ್ಲಿತ್ತು. ಅದನ್ನು ನನ್ನ ಕೈಯಿಂದಲೇ ಬಿಚ್ಚಿಸಿ ಅವಳಿಗೆ ತೊಡಿಸಿದರು. ನಾನು ನಕ್ಕೆ, ಸಕ್ಕರೆಯನ್ನೂ ಹಂಚಿದೆ. ಮನೆಗೆ ಬಂದ ಮೇಲೆ ಮೂರು ದಿನ ಊಟ ಸೇರಲಿಲ್ಲ. ಹಾಳಾದವಳ ರೊಟ್ಟಿ ಕೂಡ ನನ್ನ ರೊಟ್ಟಿಗಿಂತ ತೆಳು.

ಮರುವಾರ ಐದನೇ ಗೂಡಿನ ಪೂರ್ವ ಗೋಡೆ ಸದ್ದು ಮಾಡಿತು. ಒಣ ಸದ್ದು, ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳೂ ಬಿರುಕು ಎಂದೇ ಬರೆದಿರುತ್ತಾಳೆ, ಊರು ಮತ್ತೆ ಅವಳನ್ನೇ ಹೊಗಳುತ್ತದೆ ಎಂದುಕೊಂಡೆ. ಮಾಯ್ಕೆ ಎಂದು ಬರೆದೆ. ಹಿರಿಯರು ನನ್ನ ಅನುಭವಕ್ಕೆ ಬೆಲೆ ಕೊಟ್ಟು ಆ ಗೂಡನ್ನು ಇನ್ನೂ ನಾಲ್ಕು ಚಳಿಗಾಲ ದುಡಿಸಿದರು. ಬಿರುಕು ಎಂದೇ ಬರೆದಿದ್ದ ಇಂದ್ರವ್ವ ಪಟ್ಟು ಬಿಡಲಿಲ್ಲ. ಹಟಮಾರಿ ಎಂದು ಅವಳನ್ನು ಉಪ್ಪುನೀರಿನ ಕೊಳಗಳ ಕಾವಲಿಗೆ ಹಾಕಿದರು, ಓಲೆ ನನಗೆ ಮರಳಿತು. ಈ ಚಳಿಗಾಲ ಪಕ್ಕದ ಆರನೇ ಗೂಡಿನಲ್ಲಿ ಒತ್ತಡ ತಾನಾಗಿಯೇ ಏರಿತು. ಐದರ ಅನಿಲ ಗೋಡೆ ದಾಟುತ್ತಿತ್ತು. ಆ ಗೋಡೆ ಕುಸಿದರೆ ಮೇಲಿರುವ ಹನ್ನೊಂದು ಸಾವಿರ ಜನರ ನೆಲವೂ ಕುಸಿಯುತ್ತದೆ.

ಕೊಳಕ್ಕೆ ಹೋಗಿ ಇಂದ್ರವ್ವನ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾಳೆಂದು ಕಾದೆ. ಅವಳು ಕೈ ತೊಳೆದುಕೊಂಡು, "ನಿಮಗ ಕೇಳಿತ್ತಂತ ನನಗ ಅವತ್ತ ಗೊತ್ತಿತ್ತಕ್ಕಾ. ಪರದೆ ಆಚೆ ನಿಮ್ಮ ಉಸಿರು ನಿಂತಿತ್ತು," ಎಂದಳು.

ಹಾಗಿದ್ದರೆ ಹಿರಿಯರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನನ್ನ ಕಿವೀನ ನಂಬದವರು ನಿಮ್ಮ ಉಸಿರು ನಂಬತಿದ್ರೇನು?"

ನನಗೆ ಆಗ ಅಳು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಉಸಿರು ನಿಂತದ್ದನ್ನೂ ಕೇಳುವ ಕಿವಿ ನನಗೇಕೆ ಬರಲಿಲ್ಲ ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ನಿನ್ನೆ ಹಿರಿಯರ ಮುಂದೆಯೂ ನಾನು ತಪ್ಪೊಪ್ಪಿಕೊಂಡ ಮೇಲೆ ಇಬ್ಬರೂ ಬಿರುಕು ಎಂದು ಬರೆದು ರುಜು ಹಾಕಿದೆವು. ಐದು, ಆರು ಎರಡನ್ನೂ ಸಮ ಒತ್ತಡಕ್ಕೆ ತುಂಬಿ, ಗೋಡೆ ಮಾಯಲೆಂದು ಅರವತ್ತು ವರ್ಷ ಬೀಗ ಹಾಕುತ್ತಾರೆ. ಇನ್ನು ಮೇಲೆ ಊರು ಏಳೇ ಗೂಡುಗಳಲ್ಲಿ ಚಳಿ ಕಳೆಯಬೇಕು. ಯಾರ ದೆಸೆಯಿಂದ ಎಂಬುದು ಎಲ್ಲರಿಗೂ ಗೊತ್ತು. ಉಪ್ಪು ತಿಂದವಳು ನೀರು ಕುಡಿಯಲೇಬೇಕು, ಕುಡಿಯುತ್ತಿದ್ದೇನೆ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಅನಿಲ ತೆಗೆಯುವ ಮೊದಲು ಪೂರ್ವ ಗೋಡೆಯನ್ನು ಒಂದು ವರ್ಷ ಆಲಿಸಿ. ಒಣ ಸದ್ದು ಕೇಳಿದರೆ, ಪಕ್ಕದಲ್ಲಿ ಯಾರೇ ಕೂತಿರಲಿ, ಕೇಳಿತು ಎಂದೇ ಬರೆಯಿರಿ. ಏನೂ ಕೇಳದಿದ್ದರೆ ಉಪ್ಪು ಮಾಯ್ದಿದೆ ಎಂದು ಅರ್ಥ. ಆ ಮೌನ ಇಂದ್ರವ್ವನಿಗೂ ಇಲ್ಲ, ನನಗೂ ಇಲ್ಲ. ಅದು ನಿಮ್ಮ ಪಾಲಿಗೆ. ನಿಮ್ಮ ಮುಖವನ್ನೇ ನಾನು ಕಂಡಿಲ್ಲ, ಆದರೂ ಈಗಲೇ ನಿಮ್ಮ ಮೇಲೆ ನನ್ನ ಹೊಟ್ಟೆ ಉರಿಯುತ್ತಿದೆ.