ಸಂಪೆಗೋಡಿನ ಹಲ್ಲಿ

ಸಾಗರ
14 ಫೆಬ್ರವರಿ 2025

ಪ್ರೀತಿಯ ಅವ್ವನಿಗೆ ಕುಮುದಾ ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಅದಕ್ಕೇ ಈ ಕಾಗದ. ನಮ್ಮ ಹಲ್ಲಿ ಹೊಸ ಜಾತಿಯದೇ. ಹೊಸನಗರ, ತೀರ್ಥಹಳ್ಳಿ, ಹುಲಿಕಲ್ಲಿನ ಬಂಡೆಗಳಲ್ಲೆಲ್ಲ ಹುಡುಕಿದ್ದೇನೆ, ಹಿಡಿದವುಗಳ ಮೈಮೇಲಿನ ಹುರುಪೆ ಎಣಿಸಿದ್ದೇನೆ. ಹಳದಿ ಗಂಟಲಿನದು ಹಿನ್ನೀರಿನ ಆ ನಡುಗಡ್ಡೆ ಬಿಟ್ಟು ಬೇರೆಲ್ಲೂ ಸಿಗಲಿಲ್ಲ. ಡಿಎನ್‌ಎ ಪರೀಕ್ಷೆಯೂ ಬೇರೆ ಜಾತಿಯೆಂದೇ ಹೇಳಿತು. ಯಾರು ಬೇಕಾದರೂ ವಾದಕ್ಕೆ ಬರಲಿ.

ಎರಡು ವರ್ಷದ ಹಿಂದೆ, ಮುಳುಗಿದ ನಿಮ್ಮೂರಿನ ಗುಡ್ಡದ ಮೇಲೆ ಭೂತಪ್ಪನ ಕಲ್ಲಿಗೆ ಕಾಯಿ ಒಡೆಯಲು ದೋಣಿಯಲ್ಲಿ ಹೋದಾಗ ಅದು ನಿನ್ನ ಎಡಭುಜದ ಮೇಲೆ ಬಿತ್ತು. ನೀನು ಉಟ್ಟ ಸೀರೆಯಲ್ಲೇ ನೀರಿನಲ್ಲಿ ಮುಳುಗಿ ಎದ್ದೆ. ಮನೆಗೆ ಬಂದು ಪಂಚಾಂಗ ನೋಡಿ, ಬಿದ್ದ ಹೊತ್ತು, ಭುಜ, ಗಂಟಲಿನ ಬಣ್ಣ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಅಂಥ ಬಣ್ಣದ ಹಲ್ಲಿ ಇಲ್ಲ, ಭೂತಪ್ಪನ ಕಲ್ಲಿನ ಅರಿಶಿನ ಮೆತ್ತಿರಬೇಕು ಎಂದು ನಾನು ನಕ್ಕೆ. ಓದಿದವಳ ಜಂಬ.

ಮರುವರ್ಷ ಅಲ್ಲೇ ಅದನ್ನು ಹಿಡಿದೆ. ಪ್ರಬಂಧದ ಮೊದಲ ಕರಡಿನಲ್ಲಿ, ಮೊದಲು ಕಂಡವಳು ನಾನೇ ಎಂದು ಬರೆದೆ. ಹೌದವ್ವ, ಈಗ ನಾಚಿಕೆಯಾಗುತ್ತದೆ. ನಮ್ಮ ಗೈಡ್ ವಂದನಾ ಮೇಡಂ ತಾರೀಖು ಕೇಳಿದಾಗ ಮಾತ್ರ ಸುಳ್ಳು ಬಾಯಿಂದ ಹೊರಡಲಿಲ್ಲ. ಮೊದಲು ಕಂಡದ್ದು ನಮ್ಮವ್ವ ಎಂದೆ. ಅಷ್ಟರಲ್ಲಿ ಗೋಡೆಯ ಹಲ್ಲಿ ಲೊಚಗುಟ್ಟಿತು. ನನಗಿಂತ ಮೊದಲು ಮೇಡಂ ಮೇಜು ಕುಟ್ಟಿ ಕೃಷ್ಣ ಕೃಷ್ಣ ಎಂದರು. ಈಗ ಮೊದಲು ಕಂಡವರ ಜಾಗದಲ್ಲಿ ದುಗ್ಗಮ್ಮ ಎಂದು ಅಚ್ಚಾಗಿದೆ, ನಿನ್ನ ತಾರೀಖಿನ ಸಮೇತ.

ಹಲ್ಲಿಗೇ ನಿನ್ನ ಹೆಸರಿಡುತ್ತೇನೆಂದರೆ ನೀನು ಒಪ್ಪಲಿಲ್ಲ. "ನೆಂಟ್ರೆಲ್ಲ ನಗ್ತಾರೆ ಮಾರಾಯ್ತಿ. ಇಡೋದೇ ಆದ್ರೆ ನಮ್ಮೂರಿನ ಹೆಸ್ರಿಡು, ಅದು ಈಗ ಯಾವ ಮ್ಯಾಪಲ್ಲೂ ಇಲ್ಲ" ಎಂದಿದ್ದೆ.

ಇಟ್ಟಿದ್ದೇನೆ. ಸಂಪೆಗೋಡೆನ್ಸಿಸ್, ಅಂದರೆ ಸಂಪೆಗೋಡಿನದು. ನೀನು ಐದು ವರ್ಷದವಳಿದ್ದಾಗ ನೀರು ಬಂತು, ಊರವರೆಲ್ಲ ಗಂಟುಮೂಟೆ ಕಟ್ಟಿದಿರಿ. ಹಲ್ಲಿ ಮಾತ್ರ ಗುಡ್ಡದ ತುದಿಯಲ್ಲೇ ಉಳಿಯಿತು. ಇನ್ನು ಯಾವ ದೇಶದವರೇ ಆಗಲಿ, ಅದರ ಹೆಸರು ಹೇಳಬೇಕಾದರೆ ನಿನ್ನ ತವರಿನ ಹೆಸರು ಹೇಳಲೇಬೇಕು.

ನಿನ್ನ ಮಗಳು,
ಕುಮುದಾ

ತಾ.ಕ.: ಸಾಕ್ಷಿಗೆಂದು ತಂದಿದ್ದ ಕ್ಯಾಲೆಂಡರ್ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಮೂಲೆಯಲ್ಲಿ ನೀನು ಪಂಚಾಂಗದ ಫಲ ಬರೆದಿದ್ದೀಯ: "ಕಳೆದದ್ದು ಸಿಗುವುದು." ಅದರ ಕೆಳಗೆ "ಬರೀ ಸುಳ್ಳು" ಎಂದೂ ಬರೆದಿದ್ದೀಯ. ಅದನ್ನು ಹೊಡೆದುಹಾಕು.