ವಾಡೆಯೊಳಗಿನ ರುಬ್ಬುವ ಕಲ್ಲು

ಕೋಥರೂಡ, ಪುಣೆ
ಮಂಗಳವಾರ, ೧೮ ನವೆಂಬರ್ ೨೦೨೫

ಸುಖೇಶನ ಪಪ್ಪನಿಗೆ ಲೀಲಾಕ್ಷಿಯ ನಮಸ್ಕಾರಗಳು.

ಚಿಕಿತ್ಸೆಗೆಂದು ಊರಿಗೆ, ಅಕ್ಕನ ಮನೆಗೆ ಕೊಂಡುಹೋದ ಮೊಣಕಾಲು ಹೇಗಿದೆ? ಪಂಡಿತರು ಕೊಟ್ಟ ತೈಲವನ್ನು ಬಿಸಿ ಮಾಡಿ ದಿನವೂ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲ ಬಾಟ್ಲಿಯನ್ನು ಕಿಟಕಿಯಲ್ಲಿಟ್ಟು ಅದಕ್ಕೇ ಬಿಸಿಲು ಕಾಯಿಸುತ್ತಿದ್ದೀರೋ? ಪಥ್ಯದ ಕಷಾಯ ಕುಡಿದು ಅದರ ಮೇಲೆ ಬಂಗುಡೆ ಸಾರು ಉಂಡಿರಂತೆ. ಪಂಕಜಾಕ್ಷಿ ಅತ್ತಿಗೆಯ ಮೇಲೆ ಸಿಟ್ಟು ಮಾಡಬೇಡಿ. ಒಡಹುಟ್ಟಿದ ಅಕ್ಕನ ಮಾತನ್ನೂ ನೀವು ಕೇಳದಿದ್ದರೆ ಅವರು ನನಗಲ್ಲದೆ ಇನ್ಯಾರಿಗೆ ದೂರು ಕೊಡಬೇಕು? ಇಲ್ಲಿ ನಾವೆಲ್ಲ ಸೌಖ್ಯ. ಸುಖೇಶ ತನ್ನ ಹೋಟೆಲಿನಲ್ಲಿ ನಿಮ್ಮ ಹಾಗೆಯೇ ಗಲ್ಲಾ ಬಿಟ್ಟು ಏಳುವುದಿಲ್ಲ, ನಿಮ್ಮ ಹಾಗೆಯೇ ಮಧ್ಯಾಹ್ನದ ಊಟ ತಡ ಮಾಡುತ್ತಾನೆ. ಸೊಸೆ ಪ್ರಣೀತಾ ಆಫೀಸು, ಮನೆ ಎರಡನ್ನೂ ತೂಗಿಸಿಕೊಂಡು ಹೋಗುತ್ತಿದ್ದಾಳೆ. ಚಳಿ ಶುರುವಾಗಿದೆ, ನಿಮ್ಮ ಸ್ವೆಟರನ್ನು ನಾನೇ ಹಾಕಿಕೊಳ್ಳುತ್ತಿದ್ದೇನೆ.

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಯಾಕೆ ಬರೆಯುತ್ತಾಳೆ ಎಂದು ನಿಮಗೆ ಅನಿಸಬಹುದು. ವಾಡೆ ಎಂಬ ಶಬ್ದ ನನ್ನ ಬಾಯಿಯಿಂದ ಬಿದ್ದ ಕೂಡಲೇ ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೆ. ಕಾಗದವನ್ನು ಹಾಗೆ ಮಾಡಲಿಕ್ಕಾಗುವುದಿಲ್ಲ. ಮಡಚಿ ಬದಿಗಿಟ್ಟರೂ ಅದು ಮೇಜಿನ ಮೇಲೆ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ಅತ್ತಿಗೆಯಿಂದ ಓದಿಸಬೇಡಿ, ಕನ್ನಡಕ ಹಾಕಿಕೊಂಡು ನೀವೇ ಓದಿ. ವಿಷಯ ಏನೆಂದರೆ, ನಾನು ವಾಡೆಗೆ ಹೋಗಿದ್ದೆ. ಹೌದು, ನಾರಾಯಣ ಪೇಠೆಯ ಅದೇ ವಾಡೆಗೆ, ಸರದಾರರ ಆ ದೊಡ್ಡ ಹಳೆಯ ಮನೆಗೆ, ನಿಮ್ಮ ಅಪ್ಪ ಹೋಟೆಲು ತೆರೆದ, ನೀವು ನಡೆಸಿದ, ನಾನು ಮದುವೆಯಾಗಿ ಬಂದು ಇಳಿದ ವಾಡೆಗೆ. ಬೈಯುವುದಿದ್ದರೆ ಇಲ್ಲಿಯೇ ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ವಾಡೆಯ ಮಾಲೀಕರೊಂದಿಗಿನ ಬಾಡಿಗೆಯ ಕೇಸನ್ನು ಕೋರ್ಟಿನಲ್ಲಿ ಸೋತು ಖಾಲಿ ಮಾಡಿದ ಮೇಲೆ ನೀವು ಆ ಗಲ್ಲಿಗೆ ಕಾಲಿಟ್ಟಿಲ್ಲ. ಲಕ್ಷ್ಮೀ ರಸ್ತೆಗೆ ಹೋಗಬೇಕಾದರೂ ರಿಕ್ಷಾದವನಿಗೆ ಸುತ್ತು ಬಳಸಿ ಹೋಗಲು ಹೇಳುತ್ತೀರಿ. "ಆ ವಾಡೆಯ ಗಾಳಿಯೂ ನನಗೆ ಬೇಡ" ಎಂದಿರಿ. ನಿಮಗೆ ಬೇಡವಾದದ್ದು ನನಗೂ ಬೇಡವೆಂದು ಇಷ್ಟು ವರ್ಷ ನಾನೂ ಸುಮ್ಮನಿದ್ದೆ. ಭೋರ್ ಕಡೆಯ ಸರದಾರರ ವಂಶದವರು ವಾಡೆಯನ್ನು ಟ್ರಸ್ಟಿಗೆ ಬಿಟ್ಟುಕೊಟ್ಟದ್ದು, ಟ್ರಸ್ಟಿನವರು ಅದನ್ನು ದುರಸ್ತಿ ಮಾಡಿ ಚಿತ್ರಗಳ ಮ್ಯೂಸಿಯಂ ಮಾಡಿದ್ದು ಪೇಪರಿನಲ್ಲಿ ಬಂದಾಗ ನೀವು ಆ ಪುಟವನ್ನು ಚಪ್ಪಲಿ ಸ್ಟ್ಯಾಂಡಿಗೆ ಹಾಸಿದಿರಿ. ನಾನು ಪ್ರತಿ ದಿನ ಚಪ್ಪಲಿ ತೆಗೆಯುವಾಗ ಅದನ್ನೇ ಓದುತ್ತಿದ್ದೆ. ಕಳೆದ ಗುರುವಾರ ಪ್ರಣೀತಾಳಿಗೆ ರಜೆಯಿತ್ತು. "ಅತ್ತೆ, ಒಮ್ಮೆ ನೋಡಿಕೊಂಡು ಬರುವ" ಎಂದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಹಸಿರು ಇಳಕಲ್ ಸೀರೆ ಉಟ್ಟು ಅವಳ ಸ್ಕೂಟರಿನ ಹಿಂದೆ ಕೂತೆ.

ನಮ್ಮದೇ ಬಾಗಿಲಿನಲ್ಲಿ ಟಿಕೆಟು ತೆಗೆದುಕೊಂಡು ಒಳಗೆ ಹೋದೆವು. ನೀವು ಮರಾಠಿಯಲ್ಲಿ ಬರೆಸಿದ ಬೋರ್ಡು ನೆನಪಿದೆಯಲ್ಲ, ಚಟ್ನಿಯನ್ನು ಎರಡು ಸಲ ಕೇಳಬಹುದು, ಮೂರನೆಯ ಸಲ ಕೇಳುವ ಮೊದಲು ಇನ್ನೊಂದು ಇಡ್ಲಿ ಕೇಳಿ ಎಂದು? ಇಂಥ ಚುಚ್ಚುವ ಬೋರ್ಡು ಬರೆಯುವುದರಲ್ಲಿ ಪುಣೆಯವರನ್ನು ಮೀರಿಸಿದ ಮೊದಲ ಶೆಟ್ಟರು ನೀವು ಎಂದು ಪೇಠೆಯವರೇ ನಗುತ್ತಿದ್ದರು. ಅದು ತೂಗುತ್ತಿದ್ದ ಜಾಗದಲ್ಲಿ ಈಗ, ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ, ಬಾಗಿಲು ಬಡಿದರೂ ತೆರೆಯುವುದಿಲ್ಲ ಎಂಬ ಬೋರ್ಡಿದೆ. ಅಮೃತಶಿಲೆಯ ಮೇಜುಗಳಿದ್ದ ಹಾಲಿನಲ್ಲಿ ಪಗಡಿ ಕಟ್ಟಿದ ಸರದಾರರ ದೊಡ್ಡ ದೊಡ್ಡ ಚಿತ್ರಗಳು. ಕೈ ತೊಳೆಯುವ ಬೇಸಿನ್ ಇದ್ದ ಮೂಲೆಯಲ್ಲಿ ದೀಪ ಹಿಡಿದ ಒಬ್ಬ ಹೆಂಗಸು. ಚಿತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು. ದೀಪದ ಬೆಳಕು ಅವಳ ಬೆರಳುಗಳ ನಡುವಿನಿಂದ ಕೆಂಪಗೆ ಕಾಣುವುದನ್ನು ನೋಡುತ್ತಾ ನಾನು ತುಂಬ ಹೊತ್ತು ನಿಂತೆ. ಆದರೆ ಅಷ್ಟೂ ಕೋಣೆ ಸುತ್ತಿದರೂ ಹೆಂಗಸರು ದೀಪ ಹಿಡಿದಿದ್ದಾರೆ, ಕನ್ನಡಿ ಹಿಡಿದಿದ್ದಾರೆ, ವೀಣೆ ಹಿಡಿದಿದ್ದಾರೆ. ಹಿಟ್ಟಿನಲ್ಲಿ ಕೈಯಿಟ್ಟವಳು ಒಬ್ಬಳೂ ಇಲ್ಲ. ಅಷ್ಟೊಂದು ಸರದಾರರು ಏನು ತಿಂದು ಬದುಕಿದರೋ ಕಾಣೆ.

ಮೆಟ್ಟಿಲ ಹತ್ತಿರ ವಾಡೆಯ ಇತಿಹಾಸ ಬರೆದಿದ್ದಾರೆ. ಪ್ರಣೀತಾ ಓದಿ ಹೇಳಿದಳು. ಕಟ್ಟಿಸಿದವರ ಹೆಸರು, ಅವರು ಮಾಡಿದ ಯುದ್ಧ, ಅವರ ಮಗ ಕಟ್ಟಿಸಿದ ಕಾರಂಜಿ, ಮೊಮ್ಮಗನ ಕುದುರೆಯ ಹೆಸರು ಕೂಡ ಇದೆ. ಕೊನೆಗೆ ಒಂದು ಸಾಲು: ನಂತರ ಕೆಲವು ಕಾಲ ವ್ಯಾಪಾರದ ಬಳಕೆಯಿಂದ ಕಟ್ಟಡ ಹಾಳಾಗಿತ್ತು. ಕೆಲವು ಕಾಲವಂತೆ! ನಿಮ್ಮ ಅಪ್ಪನ ಕಾಲ, ನಿಮ್ಮ ಕಾಲ, ನನ್ನ ಪ್ರಾಯವೆಲ್ಲ ಸೇರಿ ಕೆಲವು ಕಾಲ. ಕುದುರೆಗೆ ಹೆಸರಿದೆ, ನಮಗಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಪ್ರಣೀತಾ ನನ್ನ ಕೈ ಹಿಡಿದುಕೊಂಡಳು. ಅಷ್ಟಕ್ಕೇ ಮನೆಗೆ ಬರುತ್ತಿದ್ದೆನೋ ಏನೋ, ಆದರೆ ಹಿಂದಿನ ಅಂಗಳವನ್ನು ನೋಡದೆ ಹೋಗಲು ಮನಸ್ಸಾಗಲಿಲ್ಲ.

ಹಿಂದಿನ ಅಂಗಳ ಎಂದರೆ ನಮ್ಮ ಅಡುಗೆಮನೆ. ಹೆಂಚಿನ ಮಾಡು ಇಲ್ಲ, ಒಲೆಗಳಿಲ್ಲ, ಗೋಡೆಯ ಮಸಿಯನ್ನು ಉಜ್ಜಿ ತೆಗೆದಿದ್ದಾರೆ. ನಟ್ಟನಡುವೆ ನೆಲದಲ್ಲಿ ಹೂತ ಕರಿಕಲ್ಲು, ಸುತ್ತ ಹಿತ್ತಾಳೆಯ ಸರಪಳಿ, ಮೇಲಿನಿಂದ ಒಂದು ಲೈಟು. ಕಲ್ಲಿನ ಕುಳಿಗೆ ನೀರು ತುಂಬಿ ಚೆಂಡುಹೂವಿನ ಎಸಳು ತೇಲಿಬಿಟ್ಟಿದ್ದಾರೆ. ಪಕ್ಕದ ಫಲಕದಲ್ಲಿ, ಇದು ಪೇಶ್ವೆಯರ ಕಾಲದ ತೀರ್ಥಪಾತ್ರೆ, ದೇವರ ಪಾದ ತೊಳೆಯಲು ಬಳಸುತ್ತಿದ್ದರು ಎಂದಿದೆ. ಮಾರಾಯರೆ, ಅದು ನಮ್ಮ ರುಬ್ಬುವ ಕಲ್ಲು! ನಿಮ್ಮ ಅಪ್ಪ ಕಾರ್ಕಳದಲ್ಲಿ ಕಡಿಸಿ ಲಾರಿಯಲ್ಲಿ ತಂದು ಹೂಳಿಸಿದ ಕಲ್ಲು. ನಾವು ಬಿಟ್ಟು ಬಂದ ಮೇಲೆ ಮಾಡು ಕುಸಿದು ಮಣ್ಣು ಮುಚ್ಚಿತ್ತಂತೆ, ಅಗೆಯುವಾಗ ಸಿಕ್ಕಿತಂತೆ. ಗುಂಡು ಇಲ್ಲದ ಕಲ್ಲು ಅವರಿಗೆ ಪಾತ್ರೆಯ ಹಾಗೆ ಕಂಡಿದೆ. ಗುಂಡು ಎಲ್ಲಿ ಹೋಯಿತೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖಾಲಿ ಮಾಡಿದ ದಿನ ಕಲ್ಲನ್ನು ಕೀಳಲು ಆಗದೆ ನೀವು ಅದನ್ನೊಂದನ್ನೇ ಕಾರಿನ ಡಿಕ್ಕಿಗೆ ಹಾಕಿ, "ಕಲ್ಲು ಅವರಿಗಿರಲಿ, ಗುಂಡು ನಮಗಿರಲಿ, ಹೇಗೆ ರುಬ್ಬುತ್ತಾರೆ ನೋಡುವ" ಎಂದದ್ದು. ಅವರು ರುಬ್ಬಲಿಲ್ಲ, ಪೂಜೆಗೆ ಇಟ್ಟುಕೊಂಡರು.

ನಾನು ಸರಪಳಿ ದಾಟಿ ಕುಳಿಯ ಅಂಚು ಮುಟ್ಟಿದೆ. ಎಡಗಡೆಯಲ್ಲಿ, ನೀವು ಗ್ಯಾಸ್ ಸಿಲಿಂಡರ್ ಬೀಳಿಸಿ ಚಕ್ಕೆ ಎದ್ದ ಜಾಗ ಹಾಗೆಯೇ ಇದೆ. ಕಾವಲಿನವನು ಓಡಿ ಬಂದ. ವಿಜಯಪುರದ ಕಡೆಯವನು, ಹೆಸರು ಸಿದ್ದಾರೂಢ. ನಾನು ಪ್ರಣೀತಾಳ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. "ಅಕ್ಕಾರ, ಅಲ್ಲಿ ಕೈ ಹಚ್ಚಬ್ಯಾಡ್ರಿ, ದೇವರ ಪಾತ್ರಿ ಅದ ಅದು" ಎಂದ. "ದೇವರದ್ದಲ್ಲ ಮಾರಾಯ, ನನ್ನದು" ಎಂದೆ. ಅವನು ಪಾಪ, ಏನು ಮಾಡಬೇಕೆಂದು ತಿಳಿಯದೆ ಮ್ಯೂಸಿಯಮ್ಮಿನ ಮೇಡಮ್ಮನ್ನು ಕರೆದುಕೊಂಡು ಬಂದ.

ಮೇಡಂ ಒಳ್ಳೆಯವರು. ನನ್ನನ್ನು ಗದರಿಸಲಿಲ್ಲ. ಕಲ್ಲಿನ ಕತೆಯನ್ನೆಲ್ಲ ಕಿವಿಗೊಟ್ಟು ಕೇಳಿದರು, ಚಿಕ್ಕಂದಿನಲ್ಲಿ ತಂದೆಯ ಜೊತೆ ಬಂದು ನಮ್ಮಲ್ಲಿ ಇಡ್ಲಿ ತಿಂದದ್ದನ್ನೂ ನೆನೆಸಿಕೊಂಡರು. ಆಮೇಲೆ ಮೆಲ್ಲಗೆ ಒಂದು ಮಾತು ಹೇಳಿದರು. ವಾಡೆಯನ್ನು ಸರದಾರರ ಕಾಲದಲ್ಲಿ ಹೇಗಿತ್ತೋ ಹಾಗೆ ಇಡಬೇಕೆಂದು ಟ್ರಸ್ಟಿನ ನಿರ್ಣಯವಂತೆ. ಹೋಟೆಲಿನ ಕಾಲದ್ದನ್ನೆಲ್ಲ ತೆಗೆದಿದ್ದಾರಂತೆ. ಇದೂ ಹೋಟೆಲಿನದ್ದೇ ಆದರೆ ಇದನ್ನೂ ಒಡೆಸಿ ತೆಗೆಸಬೇಕಾಗುತ್ತದಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಕಲ್ಲು ಇನ್ನೂ ನೂರು ವರ್ಷ ಹೂವು ಮುಡಿದುಕೊಂಡು ಅಲ್ಲೇ ಇರುತ್ತಿತ್ತು. ಸತ್ಯ ಹೇಳಿದ್ದಕ್ಕೆ ಅದರ ಬುಡಕ್ಕೇ ಹಾರೆ ಬರುವ ಹಾಗಾಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ನನಗೆ ಗೊತ್ತು, ಒಡೆದರೆ ಒಡೆಯಲಿ ಎಂದು ಹೊರಟು ಬರುತ್ತಿದ್ದಿರಿ. ನಾನು ಹೊರಡಲಿಲ್ಲ. ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಹಿಂದೆ ಕೂರುತ್ತಿದ್ದ ಹಾಗೆಯೇ ಕಲ್ಲಿನ ಎದುರು ನೆಲದ ಮೇಲೆ ಕೂತೆ.

ಕೂತಾಗ ನನಗೆ ನೆನಪಾದದ್ದನ್ನು ಬರೆಯುತ್ತೇನೆ, ಯಾಕೆಂದರೆ ಇದನ್ನು ನೀವು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಗಣಪತಿ ಹಬ್ಬದ ನಡುವೆ ರುಬ್ಬುವವನು ಹೇಳದೆ ಊರಿಗೆ ಹೋದ. ಪೇಠೆ ತುಂಬ ಜನ, ಹಿಟ್ಟಿಲ್ಲ. ಹೋಟೆಲಿನ ಒಲೆಯ ಹತ್ತಿರ ಹೆಂಗಸರು ಬರಬಾರದು ಎಂದವರು ನೀವು. ನಾನು ಮಹಡಿಯಿಂದ ಇಳಿದು ಬಂದು ಕಲ್ಲಿನ ಮುಂದೆ ಕೂತೆ, ನೀವು ಮುಖ ತಿರುಗಿಸಿಕೊಂಡು ಗಲ್ಲಾದ ಕಡೆ ಹೋದಿರಿ. ಆಮೇಲೆ ಕರೆಂಟಿನ ಗ್ರೈಂಡರ್ ಬರುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಸುಖೇಶ ಹೊಟ್ಟೆಯಲ್ಲಿದ್ದಾಗಲೂ ರುಬ್ಬಿದೆ. ಗ್ರೈಂಡರ್ ಬಂದ ಮೇಲೂ ಚಟ್ನಿ ಅದರಲ್ಲೇ ಆಗಬೇಕೆಂದು ಗಿರಾಕಿಗಳು ಹಟ ಹಿಡಿದರು. ಹೊರಗೆ ಶೆಟ್ಟರ ಇಡ್ಲಿ, ಶೆಟ್ಟರ ಚಟ್ನಿ ಎಂದು ಹೊಗಳುತ್ತಿದ್ದರು, ನೀವು ಮೀಸೆಯಡಿಯಲ್ಲಿ ನಗುತ್ತಿದ್ದಿರಿ. ನನ್ನ ಬಲಭುಜ ಇವತ್ತಿಗೂ ಎಡಕ್ಕಿಂತ ತಗ್ಗಿದೆ, ರವಿಕೆ ಹೊಲಿಯುವವಳು ಪ್ರತಿ ಸಲ ಕೇಳುತ್ತಾಳೆ.

ಅಷ್ಟರಲ್ಲಿ ಒಂದು ಗಂಟೆಯಾಗುತ್ತಾ ಬಂತು. ಪುಣೆಯಲ್ಲಿ ಒಂದು ಗಂಟೆ ಎಂದರೆ ಗೊತ್ತಲ್ಲ, ಆಕಾಶ ಬಿದ್ದರೂ ಊಟ, ನಿದ್ದೆ ತಪ್ಪಬಾರದು. ಬಾಗಿಲು ಹಾಕಬೇಕು, ಏಳಿ ಎಂದು ಮೇಡಂ ಬೇಡಿಕೊಂಡರು. ನಾನು ಮರಾಠಿಯಲ್ಲೇ ಕೇಳಿದೆ, ಈ ವಾಡೆಗೆ ಇನ್ನೂರು ವರ್ಷ ಎಂದು ಬರೆದಿದ್ದೀರಿ, ಅದರಲ್ಲಿ ನಮ್ಮ ವರ್ಷಗಳನ್ನು ಸೇರಿಸಿ ಹೇಳುತ್ತೀರೋ ಕಳೆದು ಹೇಳುತ್ತೀರೋ? ಸೇರಿಸುವುದಾದರೆ ಕಲ್ಲು ಇಲ್ಲಿರಬೇಕು, ಕಳೆಯುವುದಾದರೆ ನಿಮ್ಮ ಫಲಕವನ್ನು ತಿದ್ದಿ. ಪ್ರಣೀತಾ ನಾಚಿಕೊಂಡು ನನ್ನನ್ನು ಎಬ್ಬಿಸುತ್ತಾಳೆ ಎಂದುಕೊಂಡೆ. ಅವಳು ಚಪ್ಪಲಿ ಕಳಚಿಟ್ಟು ನನ್ನ ಪಕ್ಕದಲ್ಲಿ ಕೂತಳು. ನಿಮ್ಮ ಮಗ ತಂದ ಒಳ್ಳೆಯ ವಸ್ತುಗಳಲ್ಲಿ ಅವಳೇ ಮೊದಲು. ಸಿದ್ದಾರೂಢ ಬೀಗದ ಕೈ ಹಿಡಿದು ನಿಂತೇ ಇದ್ದ. ಕೊನೆಗೆ ಮೇಡಂ ಹಾವೂ ಸಾಯದ ಕೋಲೂ ಮುರಿಯದ ಒಂದು ದಾರಿ ಹೇಳಿದರು. ಈ ತಿಂಗಳ ಇಪ್ಪತ್ತೊಂಬತ್ತಕ್ಕೆ, ಶನಿವಾರ, ಸಮಿತಿ ಸೇರುತ್ತದೆ. ಇದು ರುಬ್ಬುವ ಕಲ್ಲೇ ಎಂದು, ಇಲ್ಲಿ ಅಂಥ ಒಂದು ಅಡುಗೆಮನೆಯಿತ್ತೆಂದು ನಾನು ಅವರ ಎದುರು ತೋರಿಸಿದರೆ ಕಲ್ಲನ್ನು ಉಳಿಸಿ ನಿಜವಾದ ಫಲಕ ಹಾಕಿಸಲು ತಾವೂ ವಾದಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ನಾನು ಎದ್ದೆ.

ನಾನು ಹೋಗುತ್ತೇನೆ. ಅಕ್ಕಿ, ಉದ್ದು ನೆನೆಸಿ ಸ್ಟೀಲಿನ ಡಬ್ಬಿಯಲ್ಲಿ ಕೊಂಡು ಹೋಗುತ್ತೇನೆ. ಹೂವಿನ ಎಸಳು ತೆಗೆದು, ಕಲ್ಲು ತೊಳೆದು, ಸಮಿತಿಯವರೆಲ್ಲ ಕುರ್ಚಿಯಲ್ಲಿ ಕೂತಿರುವಾಗ ರುಬ್ಬಿ ತೋರಿಸುತ್ತೇನೆ. ಸರದಾರರು ಗೋಡೆಯಿಂದ ನೋಡಲಿ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಸುಖೇಶ ಒಂದು ಸಲ ಕೇಳಿದ, ಎರಡನೆಯ ಸಲ ಕೇಳಲು ಪ್ರಣೀತಾ ಬಿಡಲಿಲ್ಲ. ನೀವು ಬೇಡ ಎಂದರೂ ಹೋಗುತ್ತೇನೆ. ಸೋತು ಬಂದ ಜಾಗ ಎಂದು ನೀವು ಅದನ್ನು ಬಿಟ್ಟಿರಿ. ನಾನು ಕೇಸು ಹಾಕಿದವಳೂ ಅಲ್ಲ, ಸೋತವಳೂ ಅಲ್ಲ, ರುಬ್ಬಿದವಳು. ಅದನ್ನು ಯಾವ ಕೋರ್ಟೂ ಖಾಲಿ ಮಾಡಿಸಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ಪಥ್ಯ ಬಿಡಬೇಡಿ. ಬೆಳಗಿನ ಹೊತ್ತು ತೋಟದ ಕಡೆ ಒಬ್ಬರೇ ಇಳಿಯಬೇಡಿ, ಮಂಜಿಗೆ ಕಲ್ಲು ಜಾರುತ್ತದೆ. ದೈವದೇವರು ನಿಮ್ಮನ್ನೂ ನಿಮ್ಮ ಮೊಣಕಾಲನ್ನೂ ಚೆನ್ನಾಗಿಟ್ಟಿರಲಿ.

ಇಂತು ನಿಮ್ಮ,
ಲೀಲಾಕ್ಷಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುಂಡು ಇಲ್ಲದೆ ರುಬ್ಬಲಿಕ್ಕಾಗುವುದಿಲ್ಲ, ಬೇರೆ ಗುಂಡು ಆ ಕುಳಿಗೆ ಕೂರುವುದಿಲ್ಲ. ನೀವು ಅಂದು ಊರಿಗೆ ಸಾಗಿಸಿದ ಗುಂಡು ಅತ್ತಿಗೆಯ ಬಾವಿಕಟ್ಟೆಯ ಹತ್ತಿರ ಬಿದ್ದಿದೆ, ಮಕ್ಕಳು ಅದರ ಮೇಲೆ ಕೂತು ಸ್ನಾನ ಮಾಡುತ್ತಾರೆ. ಪಾರ್ಸೆಲ್ ಹಾಕಬೇಡಿ, ಇಪ್ಪತ್ತೇಳರ ರಾತ್ರಿ ಬಸ್ಸಿನಲ್ಲಿ ನೀವೇ ಜೊತೆಗೆ ತನ್ನಿ. ಹೊರುವುದು ಬೇಡ, ಅಲ್ಲಿ ಕ್ಲೀನರ್ ಹತ್ತಿಸುತ್ತಾನೆ, ಇಲ್ಲಿ ಕಾತ್ರಜಿನಲ್ಲಿ ಸುಖೇಶ ಇಳಿಸಿಕೊಳ್ಳುತ್ತಾನೆ. ಇನ್ನೊಂದು ಮಾತು. ಹೊಸ ಫಲಕದಲ್ಲಿ ಯಾರ ಹೆಸರು ಬರೆಸಬೇಕೆಂದು ಮೇಡಂ ಕೇಳಿದರು, ಭುಜಂಗ ಶೆಟ್ಟಿ ಎಂದು ನಿಮ್ಮ ಹೆಸರನ್ನೇ ಅರ್ಧ ಬರೆದುಕೊಂಡೂ ಇದ್ದರು. ನಾನು ಹೊಡೆದು ಹಾಕಿಸಿ ಲೀಲಾಕ್ಷಿ ಎಂದು ಬರೆಸಿದೆ. ಗುಂಡು ತಂದವರು ಎಂದು ನಿಮ್ಮ ಹೆಸರನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿಸುತ್ತೇನೆ, ತಂದರೆ.